ಕೌದಿಯೊಳಗಿನ ಕ್ಯಾಮೆರಾ

ನಮ್ಮ ಮಾಮಾನ ವಿಡಿಯೋ ಕ್ಯಾಮೆರಾವನ್ನು ಒಂದು ದಿನ ಪೂರ್ತಿ ಜೋಪಾನ ಮಾಡಿದವರಿಗೆ ಮಾತ್ರ ಗೊತ್ತು, ಯಂತ್ರವೊಂದು ಮನುಷ್ಯರನ್ನು ಎಷ್ಟು ಕಾಡಬಲ್ಲದು ಎಂಬುದು. ಅದೇನು ಜೇಬಿಗೆ ಹಾಕಿಕೊಳ್ಳುವ ವಸ್ತುವಲ್ಲ, ಹೆಗಲ ಮೇಲೆ ಹೊರಬೇಕು. ಮನೆಯ ವಿಸಿಆರಿಗೆ ಹಾಕುವ ಇಡೀ ಕ್ಯಾಸೆಟ್ಟು ಅದರ ಹೊಟ್ಟೆಯೊಳಗೆ ಕೂರುತ್ತಿತ್ತು ಎಂದರೆ ಗಾತ್ರ ನೀವೇ ತಿಳಿಯಿರಿ. ಮುಂದೆ ಉದ್ದನೆಯ ಮೂತಿ, ಹಿಂದೆ ಇಟ್ಟಿಗೆಯಂಥ ಬ್ಯಾಟರಿ, ಪಕ್ಕದಲ್ಲಿ ಕಣ್ಣಿಟ್ಟು ನೋಡಲು ಒಂದು ಕಣ್ಣುಗೂಡು. ಮದುವೆ ಮನೆಯಲ್ಲಿ ಮಾಮಾ ಅದನ್ನು ಹೆಗಲಿಗೇರಿಸಿಕೊಂಡು ನಡೆದರೆ ಬೀಗರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಸಿಂದಗಿಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಹೆಸರಿಗೆ ಸ್ಟುಡಿಯೋ, ಬದುಕು ನಡೆಯುತ್ತಿದ್ದುದು ಮದುವೆಗಳ ವಿಡಿಯೋದಿಂದ, ಅಂದರೆ ಆ ಒಂದು ಕ್ಯಾಮೆರಾದಿಂದ. ಅದು ಕೆಟ್ಟು ಕೂತರೆ ಅಂಗಡಿಯ ಕದ ತೆರೆದೂ ಉಪಯೋಗವಿರಲಿಲ್ಲ. ನಾವು ಇಂಡಿ ಊರಿನವರು. ಅವ್ವ, ಅಪ್ಪ ಇಂಡಿಯ ಮನೆಯಲ್ಲಿದ್ದರು. ನಾನು ಇಂಗಳೇಶ್ವರದ ಸಾಲಿಯಲ್ಲಿ ಮಾಸ್ತರಿಕೆ ಮಾಡಿಕೊಂಡು ರಜೆಗೆ ಊರಿಗೆ ಬರುತ್ತಿದ್ದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಗೋಳು ಅರ್ಥವಾಗುವುದಿಲ್ಲ. ನಮ್ಮ ಮನೆಯಲ್ಲಿ ಅತ್ತೆ ಅಳಿಯನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ನಮ್ಮ ಅಜ್ಜಿ ನಮ್ಮ ಅಪ್ಪನ ಜೊತೆ ಕೊನೆಯತನಕ ಮಾತಾಡಲಿಲ್ಲ. ಅವ್ವನೂ ಅದನ್ನೇ ಹಿಡಿದಿದ್ದಳು. ಅಳಿಯ ಬಂದರೆ ತಲೆಯ ಮೇಲೆ ಸೆರಗು ಮೂಗಿನವರೆಗೆ ಇಳಿಯಬೇಕು, ಹೇಳುವ ಮಾತು ಮೂರನೆಯವರ ಮೂಲಕ ಹೋಗಬೇಕು. ಆ ಮೂರನೆಯವಳು ನಾನು.

"ಅವರಿಗೆ ಕೇಳು, ಇನ್ನೊಂದು ರೊಟ್ಟಿ ಹಾಕಲೇನಂತ," ಎನ್ನುವಳು ಅವ್ವ.

ಮಾಮಾ ಮೂರು ಮೊಳ ದೂರದಲ್ಲಿ ತಾಟಿನ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿರುತ್ತಿದ್ದರು. "ಸಾಕಂತ ಹೇಳು ನಿಮ್ಮವ್ವಗ."

"ಸಾಕಂತ, ಯವ್ವಾ."

"ಅರ್ಧಾರೆ ಹಾಕಿಸ್ಕೋರಿ ಅಂತ ಹೇಳು."

ಹೀಗೆ ಅರ್ಧ ರೊಟ್ಟಿ ಅವ್ವನ ಬುಟ್ಟಿಯಿಂದ ಮಾಮಾನ ತಾಟಿಗೆ ಬರುವಷ್ಟರಲ್ಲಿ ನನ್ನ ಊಟ ಆರಿಹೋಗಿರುತ್ತಿತ್ತು. "ಇಬ್ರಿಗೂ ಕಿವಿ ಛಲೋ ಅದಾವಲ್ಲ, ನಡುವ ನಾ ಯಾಕ?" ಎಂದು ಒಮ್ಮೆ ಸಿಟ್ಟು ಮಾಡಿದ್ದಕ್ಕೆ ಅವ್ವ, "ಸಾಲಿ ಕಲಿಸಾಕ ಹೋಗಿ ನಿನಗ ಬಾಯಿ ಭಾಳ ಬಂದೈತಿ," ಎಂದಳು. ಮಾಮಾ ಮೀಸೆಯಲ್ಲೇ ನಕ್ಕರು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಆಷಾಢ ಮುಗಿಯುತ್ತ ಬಂದಿತ್ತು. ಆಷಾಢದಲ್ಲಿ ಮದುವೆಗಳಿಲ್ಲ, ಮಾಮಾನಿಗೆ ಕೆಲಸವಿಲ್ಲ. ಹೈದರಾಬಾದಿನ ಹೊರಗೆ ದೊಡ್ಡದೊಂದು ಪಾರ್ಕು ಆಗಿದೆಯಂತೆ, ಆಕಾಶಕ್ಕೆ ಹೋಗುವ ತೊಟ್ಟಿಲು, ತೂಗುವ ಹಡಗು, ನೀರೊಳಗೆ ಧುಮುಕುವ ದೋಣಿ ಎಲ್ಲಾ ಇವೆಯಂತೆ ಎಂದು ಯಾರೋ ಅಕ್ಕನ ಕಿವಿಗೆ ಹಾಕಿದ್ದರು. ಹೋಗುವುದೆಂದು ನಿಶ್ಚಯವಾಯಿತು, ನಾನೂ ಸಾಲಿಗೆ ರಜೆ ಹಾಕಿ ಬಂದೆ. ಅಪ್ಪ, "ನೀವು ಹೋಗ್ರಿ, ಎಮ್ಮಿ ಯಾರು ಹಿಂಡ್ತಾರ?" ಎಂದು ಉಳಿದುಕೊಂಡ. ಆಲಮೇಲದ ಚಾಚಾನ ಟ್ರ್ಯಾಕ್ಸು ಜೀಪು ಬಾಡಿಗೆಗೆ ಗೊತ್ತಾಯಿತು. ಚಾಚಾ ಅಪ್ಪನ ಹಳೆಯ ಗೆಳೆಯ, ಅವ್ವನನ್ನು ಅತ್ತಿಗೆಯೆಂದು ಬಗೆದು "ವೈನಿ" ಎನ್ನುವಷ್ಟು ಮನೆಯವನು. ಹೈದರಾಬಾದಿನ ಭಾಷೆಯೂ ಬರುತ್ತಿತ್ತು. ಇಷ್ಟರತನಕ ಎಲ್ಲಾ ಸರಿಯಿತ್ತು.

"ಕ್ಯಾಮೆರಾ ತಗೊಳ್ರಿ," ಎಂದಳು ಅಕ್ಕ.

ಮಾಮಾ ಬೆಚ್ಚಿದರು. "ಅದ್ಯಾಕಬೇ? ತಿರುಗಿ ಬಂದ ಮರುದಿನಾನ ಮುದ್ದೇಬಿಹಾಳದ ಮದುವಿ ಐತಿ. ಶ್ರಾವಣದ ಮೊದಲನೇ ಕೆಲಸ. ಅದಕ್ಕೇನರೆ ಆದ್ರ?"

"ಊರ ಮಂದಿ ಅವ್ವಂದಿರನ್ನೆಲ್ಲಾ ತಗದೀರಿ. ಅಕ್ಕಿಕಾಳು ಹಾಕೂದು ತಗದೀರಿ, ಬೀಗರು ಮಾರಿ ತೊಳಕೊಳ್ಳೂದು ಸೈತ ತಗದೀರಿ. ನಮ್ಮವ್ವಂದು ಒಂದು ಚಿತ್ರರೆ ಐತೇನು ನಿಮ್ಮ ಕ್ಯಾಸೆಟ್ಟಿನ್ಯಾಗ?"

ಇರಲಿಲ್ಲ. ಅಕ್ಕನ ಮದುವೆಯ ಕ್ಯಾಸೆಟ್ಟಿನಲ್ಲೂ ಅವ್ವ ಎಂದರೆ ಒಂದು ಹಸಿರು ಸೆರಗು, ಅಷ್ಟೇ. ಕ್ಯಾಮೆರಾ ಹಿಡಿದವನು ಮಾಮಾನ ಗೆಳೆಯ, ಅಂದರೆ ಅಳಿಯನ ಸಮಾನ. ಅವನೆದುರೂ ಆಕೆ ಮುಖ ತೋರಿಸಿರಲಿಲ್ಲ.

ಅಡುಗೆ ಮನೆಯ ಕದದ ಹಿಂದಿನಿಂದ ಅವ್ವನ ಮಾತು ಬಂತು: "ಅವರಿಗೆ ಹೇಳು. ಅದರ ಚಿಂತಿ ಮಾಡಬ್ಯಾಡ್ರಿ ಅಂತ. ಹೋಗೂದರಿಂದ ಬರೂತನಾ ನನ್ನ ಉಡ್ಯಾಗ ಇರ್ತೈತಿ. ಒಂದು ಗೀರು ಬೀಳಗೊಡಂಗಿಲ್ಲ. ಮುದ್ದೇಬಿಹಾಳಕ್ಕ ಹ್ಯಾಂಗಿತ್ತು ಹಂಗ ಮುಟ್ಟಿಸ್ತೇನಿ."

ಅತ್ತೆ ಅಳಿಯನಿಗೆ ಕೊಟ್ಟ ಮೊದಲ ಮಾತು ಅದು. ಮಾಮಾ ಇನ್ನು ಇಲ್ಲವೆನ್ನುವಂತಿರಲಿಲ್ಲ. ಅವ್ವನಂತೂ ಆ ಗಳಿಗೆಯಿಂದ ಆ ಮಾತನ್ನು ಕೊರಳಿಗೆ ಕಟ್ಟಿಕೊಂಡಳು. ಕ್ಯಾಮೆರಾದ ಪೆಟ್ಟಿಗೆ ಟ್ರ್ಯಾಕ್ಸಿನಲ್ಲಿ ಹಿಡಿಸಲಿಲ್ಲ, ಅಲ್ಲಿ ಬುತ್ತಿಯ ಗಂಟು, ನೀರಿನ ಕೊಡ ಕೂತಿದ್ದವು. ಅವ್ವ ಟ್ರಂಕು ತೆರೆದು ಒಂದು ಸಣ್ಣ ಕೌದಿ ಹೊರಗೆ ತೆಗೆದಳು. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದದ್ದು, ನಡುವೆ ಒಂದು ಕೆಂಪು ಚೌಕ. ನಾನು ಕೂಸಿದ್ದಾಗ ಹೊದ್ದ ಕೌದಿ ಅದು. ರಜೆಗೆ ಬಂದಾಗಲೊಮ್ಮೆ ನನ್ನ ಜೊತೆ ಕೊಡು ಎಂದರೆ, "ಇರಲಿ, ಹರೀತೈತಿ," ಎಂದು ಕೊಟ್ಟಿರಲಿಲ್ಲ. ಈಗ ಕ್ಯಾಮೆರಾವನ್ನು ಅದರೊಳಗಿಟ್ಟು, ತುದಿಗಳನ್ನು ಮಡಚಿ, ಎದೆಗವಚಿಕೊಂಡು ಟ್ರ್ಯಾಕ್ಸು ಹತ್ತಿದಳು. ಹೈದರಾಬಾದಿನವರೆಗೆ ಒಬ್ಬರನ್ನೂ ಮುಟ್ಟಗೊಡಲಿಲ್ಲ. ರಸ್ತೆಯಲ್ಲಿ ತಗ್ಗು ಬಂದರೆ ಸಾಕು, "ಭಾವಾ, ಸಾವಕಾಶ," ಎಂದು ಚಾಚಾನನ್ನು ಎಚ್ಚರಿಸುವುದು. ಚಾಚಾ ಕೊನೆಗೆ, "ವೈನಿ, ಬಾಣಂತಿ ಕರಕೊಂಡು ಹೊಂಟಂಗ ಹೊಂಟೇನಿ. ಇನ್ನೂ ಸಾವಕಾಶ ಅಂದ್ರ ಎತ್ತಿನ ಗಾಡಿ ಹೂಡ್ತೇನಿ," ಎಂದ.

ಪಾರ್ಕಿನ ಬಾಗಿಲಲ್ಲೇ ಮೊದಲ ತಗಾದೆ. ಸಾಮಾನು ಇಡುವ ಖಾನೆಗಳಿದ್ದವು. ಖಾನೆಯ ಬಾಯಿ ಸಣ್ಣದು, ಕ್ಯಾಮೆರಾದ ಮೂತಿ ದೊಡ್ಡದು. ಮಾಮಾ ಅದನ್ನು ಉದ್ದ ಹಿಡಿದು ನೋಡಿದರು, ಅಡ್ಡ ಹಿಡಿದು ನೋಡಿದರು. ಹಿಂದೆ ನಿಂತ ಮಂದಿ ಗೊಣಗತೊಡಗಿದರು. ಹಿಡಿಸಿದ್ದರೂ ಮಾಮಾ ಅಲ್ಲಿ ಬಿಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಆ ಬೀಗವನ್ನು ಅವರು ಎರಡು ಬಾರಿ ಎಳೆದು, ತುಟಿ ಓರೆ ಮಾಡಿದ್ದನ್ನು ನಾನೇ ಕಂಡೆ.

ದೊಡ್ಡ ತೊಟ್ಟಿಲಿಗೆ ಅವ್ವ ತಾನೂ ಕೂರುತ್ತೇನೆಂದಳು. ಕೌದಿಯ ಗಂಟು ಎದೆಗವಚಿ ಸಾಲಿನಲ್ಲಿ ನಿಂತಳು. ಗಂಟು ಸ್ವಲ್ಪ ಜಾರಿದರೆ ಬೆನ್ನು ತಟ್ಟಿ ಮೇಲೆ ಸರಿಸಿಕೊಳ್ಳುತ್ತಿದ್ದಳು. ತೊಟ್ಟಿಲ ಕಾವಲುಗಾರ ದೂರದಿಂದಲೇ ಕೈ ಅಡ್ಡ ಹಿಡಿದ.

"ಇತ್ತಾ ಛೋಟಾ ಬಚ್ಚಾ! ನಕ್ಕೋ ಅಮ್ಮಾ, ನಕ್ಕೋ."

"ಏನಂತಾನ ಇಂವ?" ಎಂದಳು ಅವ್ವ.

ಚಾಚಾ ನಗು ತಡೆದುಕೊಂಡು, "ಇಷ್ಟು ಎಳೀ ಕೂಸಿಗೆ ಮ್ಯಾಲ ಬಿಡಂಗಿಲ್ಲಂತ, ವೈನಿ," ಎಂದ.

"ಕೂಸು ಎಲ್ಲೈತಿ? ತೋರಸ್ತೇನಿ ಇರು," ಎಂದು ಅವ್ವ ಕೌದಿಯ ಮಡಿಕೆ ಬಿಚ್ಚಿದಳು. ಕರಿ ಮೂತಿ, ಒಂಟಿ ಕಣ್ಣು ಹೊರಬಂದದ್ದೇ ಕಾವಲುಗಾರ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಸಾವರಿಸಿಕೊಂಡು, ಕೂಸಿಗಾದರೂ ಏನೋ ಒಂದು ಮಾಡಬಹುದಿತ್ತು, ಇದಕ್ಕಂತೂ ಆಗುವುದೇ ಇಲ್ಲ ಎಂದ. ಮೇಲಿಂದ ಯಾರದಾದರೂ ತಲೆಯ ಮೇಲೆ ಬಿದ್ದರೆ? ಚಾಚಾ ತನ್ನ ಭಾಷೆಯಲ್ಲಿ ಅದೇನು ಹೇಳಿದನೋ, ಅವರು ದೊಡ್ಡ ವಿಡಿಯೋದವರು, ಕೆಲಸದ ಮೇಲೆ ಬಂದಿದ್ದಾರೆ ಎಂದಿರಬೇಕು, ಕಾವಲುಗಾರ ಮಾಮಾ ಒಬ್ಬರನ್ನೇ ಕ್ಯಾಮೆರಾ ಸಹಿತ ಬಿಟ್ಟ, ಅದರ ಪಟ್ಟಿಯನ್ನು ತೊಟ್ಟಿಲ ಸರಳಿಗೆ ಬಿಗಿದು ಕಟ್ಟಬೇಕೆಂಬ ಕರಾರಿನ ಮೇಲೆ. ಅವ್ವ ಹತ್ತಲಿಲ್ಲ. ಕ್ಯಾಮೆರಾ ಮೇಲಿದ್ದಷ್ಟು ಹೊತ್ತೂ ಕೆಳಗೆ ಸೆರಗು ಚಾಚಿ ನಿಂತಿದ್ದಳು, ಬಿದ್ದರೆ ಹಿಡಿಯಲು.

ಮಾಮಾ ಮೇಲಿಂದ ಊರೆಲ್ಲ ತೆಗೆಯುವವರಿದ್ದರು. ತೊಟ್ಟಿಲು ನೆತ್ತಿಗೆ ಹೋದದ್ದೇ ಎರಡೂ ಕೈಯಿಂದ ಕ್ಯಾಮೆರಾ ತಬ್ಬಿಕೊಂಡು ಕಣ್ಣು ಮುಚ್ಚಿದರು. ಇಳಿದು ಬಂದಾಗ ಮುಖ ಸುಣ್ಣ ಬಳಿದಂತಾಗಿತ್ತು.

"ಏನೇನು ತಗದ್ರಿ?" ಎಂದಳು ಅಕ್ಕ.

"ನೋಡೋಣ ತಡಿ," ಎಂದು ಮಾಮಾ ಕ್ಯಾಮೆರಾವನ್ನು ಅಕ್ಕನ ಕೈಗಿತ್ತು ಕಲ್ಲಿನ ಮೇಲೆ ಕೂತುಬಿಟ್ಟರು.

ಅಲ್ಲಿಂದ ಅಕ್ಕನ ಕಾರಭಾರ ಶುರು. "ಇದಕ್ಕ ಕೆಂಪು ಗುಂಡಿ ಒಂದು ಸಲ ಒತ್ತಿದ್ರ ಓಡ್ತೈತಿ, ಇನ್ನೊಂದು ಸಲ ಒತ್ತಿದ್ರ ನಿಂದರ್ತೈತಿ. ಅಷ್ಟ. ಫೋಟೋಗ್ರಾಫರನ ಹೆಂಡ್ತಿ ನಾನು, ನನಗೇನು ಕಲಿಸ್ತೀರಿ?" ಎಂದು ಕಣ್ಣುಗೂಡಿಗೆ ಕಣ್ಣಿಟ್ಟಳು. ಹಡಗಿನಲ್ಲಿ ಮಾಮಾ, ನಾನು ಕೂತು ತೂಗುವುದನ್ನು ತೆಗೆದಳು. ಅಥವಾ ತೆಗೆದೆನೆಂದಳು. ಹಡಗು ಇಳಿಯುವಷ್ಟರಲ್ಲಿ ಅವಳ ಹೆಗಲು ನೋಯುತ್ತಿತ್ತು. "ಅಕ್ಕೋರ, ಸ್ವಲ್ಪ ಹಿಡೀರಿ," ಎಂದು ಮಾಮಾ ನನಗೆ ದಾಟಿಸಿದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರ ಎನ್ನುತ್ತಾರೆ. ಮಾಮಾ ಅದನ್ನು ಅಣಕಿಸಲು ಬಳಸುತ್ತಿದ್ದರು. ತಿರುಗುವ ಕಪ್ಪು-ಬಸಿ, ಓಡುವ ರೈಲು, ಕತ್ತಲ ಮನೆ, ಎಲ್ಲ ಕಡೆಯೂ ಅವರಿಬ್ಬರು ಹತ್ತಿದರು, ನಾನು "ಅಕ್ಕೋರ, ಸ್ವಲ್ಪ ಹಿಡೀರಿ" ಆಗಿ ಕೆಳಗೆ ನಿಂತೆ. ನಾ ಹಿಡಿದರೆ ಅವ್ವನಿಗೆ ಸಮಾಧಾನವಿಲ್ಲ. "ಕೌದಿ ಹೊಚ್ಚು, ಬಿಸಲ ಹತ್ತತೈತಿ." "ಆ ಕಡೆ ಹಿಡಿ, ಹುಡುಗ್ರು ಐಸ್ಕ್ರೀಮ್ ತಿನ್ನಾಕತ್ತಾರ." ಅಕ್ಕ ಮಾತ್ರ ನಡುನಡುವೆ ಕ್ಯಾಮೆರಾ ಕಸಿದುಕೊಂಡು ಅವ್ವನತ್ತ ತಿರುಗಿಸುವಳು. ಹಿಂದೆ ಮಾಮಾ ನಿಂತದ್ದು ಕಂಡದ್ದೇ ಅವ್ವನ ಸೆರಗು ಕೆಳಗಿಳಿಯುವುದು.

"ಯವ್ವಾ, ಮಾರಿ ತೋರಸಬೇ!"

"ಅವರಿಗೆ ಆ ಕಡೆ ಹೋಗ್ರಿ ಅಂತ ಹೇಳು, ತೋರಸ್ತೇನಿ."

ಮಾಮಾ ಪಾಪ ಕತ್ತಲ ಮನೆಯ ಹಿಂದೆ ಹೋಗಿ ನಿಂತರು. ಅಷ್ಟರಲ್ಲಿ ಅಕ್ಕ ಗುಂಡಿ ಒತ್ತಿ, "ಆತು," ಎಂದುಬಿಟ್ಟಿದ್ದಳು. ಏನು ಆಯಿತೋ ದೇವರಿಗೇ ಗೊತ್ತು.

ನೀರಿನ ದೋಣಿಗೆ ಬರುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. "ಇದಕ್ಕ ನಾ ಕೂಡಾಕಿ. ಕ್ಯಾಮೆರಾ ಯಾರ ಹಿಡೀರಿ, ನೆಲದಾಗ ಹುಗೀರಿ, ನನಗ ಹೇಳಬ್ಯಾಡ್ರಿ," ಎಂದು ಸಾಲಿನಲ್ಲಿ ಹೋಗಿ ನಿಂತೇಬಿಟ್ಟೆ.

"ನಾ ಇಲ್ಲೆ ಹಿಡಕೊಂಡು ಕುಂದರ್ತೇನಿ, ನೀವು ಮೂರೂ ಮಂದಿ ಹೋಗ್ರಿ," ಎಂದಳು ಅವ್ವ. ಅಕ್ಕ ಕೊನೆಯ ಬಾರಿ ಗುಂಡಿ ಒತ್ತಿ, "ಬಂದ್ ಮಾಡೇನಿ," ಎಂದು ಕ್ಯಾಮೆರಾವನ್ನು ಕೌದಿಯಲ್ಲಿ ಸುತ್ತಿ ಅವ್ವನ ತೊಡೆಗಿಟ್ಟಳು. ನೀರಿನಿಂದ ದೂರ, ಬೇವಿನ ಗಿಡದ ಕೆಳಗೆ ಕೂರಿಸಿ, "ಇಲ್ಲಿಂದ ಅಳ್ಳಾಡಬ್ಯಾಡ," ಎಂದು ಹೇಳಿಯೇ ಹೋದೆವು. ಚಾಚಾ ಚಹಾ ತರಲು ಹೋದ.

ದೋಣಿ ಎಂದರೆ ಹಳಿಯ ಮೇಲಿನ ದೋಣಿ. ಸರಪಳಿ ಅದನ್ನು ಕಟಕಟ ಎಳೆದುಕೊಂಡು ಗುಡ್ಡದಷ್ಟು ಎತ್ತರಕ್ಕೆ ಹೋಗುತ್ತದೆ, ಅಲ್ಲಿಂದ ಕೆಳಗಿನ ಹೊಂಡಕ್ಕೆ ಒಮ್ಮೆಲೇ ಬಿಡುತ್ತದೆ. ಹೊಂಡದ ನೀರು ಗೋಡೆಯ ಹಾಗೆ ಎದ್ದು ದಂಡೆಯ ಮೇಲೆ ಬೀಳುತ್ತದೆ. ಮುಂದೆ ಅಕ್ಕ, ಮಾಮಾ, ಹಿಂದೆ ನಾನು. ಮೇಲಕ್ಕೆ ಹತ್ತುತ್ತಿದ್ದೇವೆ, ಕಟಕಟ ಕಟಕಟ. ಮಾಮಾ ಕೆಳಗೆ ನೋಡಿದರು. ನಾನೂ ನೋಡಿದೆ.

ಬೇವಿನ ಗಿಡದ ಕೆಳಗೆ ಅವ್ವ ಇರಲಿಲ್ಲ. ಹೊಂಡದ ದಂಡೆಗೆ, ಕಟಕಟೆಗೆ ಹತ್ತಿದ ಕಲ್ಲು ಬೆಂಚಿನ ಮೇಲೆ, ಕೌದಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ತಣ್ಣಗೆ ಕೂತಿದ್ದಳು. ತಂಪು ಗಾಳಿ ಬರುವ ಅಷ್ಟು ಒಳ್ಳೆಯ ಜಾಗ ಖಾಲಿ ಯಾಕಿದೆ ಎಂದು ಆಕೆ ಯೋಚಿಸಿರಲಿಲ್ಲ. ಸುತ್ತ ನೆಲವೆಲ್ಲ ಒದ್ದೆ.

ಮಾಮಾ ಹಿಂದೆ ತಿರುಗಿ ನನ್ನ ರಟ್ಟೆ ಹಿಡಿದರು. "ನಿಮ್ಮವ್ವಗ ಹೇಳ! ಅಲ್ಲಿಂದ ಏಳಂತ ಹೇಳ!"

"ಮಾಮಾ, ನೀವ ಒದರ್ರಿ! ನಿಮ್ಮ ದನಿ ದೊಡ್ಡದೈತಿ!"

"ನಾ ಹ್ಯಾಂಗ ಒದರ್ಲಿ? ನೀ ಹೇಳ!"

ನೋಡಿ ಇದನ್ನು. ಬದುಕು ನಡೆಸುವ ಕ್ಯಾಮೆರಾ ಇನ್ನೊಂದು ಗಳಿಗೆಯಲ್ಲಿ ನೀರುಪಾಲಾಗುವುದಿದೆ, ಮುದ್ದೇಬಿಹಾಳದ ಮದುವೆ ಮುಳುಗುವುದಿದೆ, ಆಗಲೂ ಇವರ ಮಾತು ನನ್ನ ಮೂಲಕವೇ ಹೋಗಬೇಕು. ನಾನು ಗಂಟಲು ಹರಿಯುವಂತೆ, "ಯವ್ವಾ, ಏಳs ಅಲ್ಲಿಂದ!" ಎಂದು ಕೂಗಿದೆ. ಸರಪಳಿಯ ಸದ್ದಿನಲ್ಲಿ ಆಕೆಗೇನು ಕೇಳಬೇಕು? ನಕ್ಕು ಕೈ ಬೀಸಿದಳು. ಮಾಮಾ ತಡೆಯಲಾರದೆ ದೋಣಿಯಲ್ಲಿ ಅರ್ಧ ಎದ್ದು ನಿಂತು, ಹಿಂದಕ್ಕೆ ಹೋಗು ಹೋಗು ಎಂದು ಎರಡೂ ಕೈ ಬೀಸತೊಡಗಿದರು.

"ರೀ, ಕುಂದರ್ರಿ! ಬೀಳ್ತೀರಿ!" ಎಂದು ಅಕ್ಕ ಅವರ ಅಂಗಿ ಹಿಡಿದು ಜಗ್ಗಿದಳು.

ದೋಣಿ ನೆತ್ತಿಗೆ ಬಂದು ಒಂದು ಕ್ಷಣ ನಿಂತಿತು. ಸರಪಳಿಯ ಸದ್ದೂ ನಿಂತಿತು. ಆ ನಿಶ್ಶಬ್ದದಲ್ಲಿ ಕೆಳಗಿಂದ ಅವ್ವನ ಕೂಗು ಬಂತು. ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವ ದನಿ.

"ಅಳ್ಯಾಂದ್ರs! ಕೆಳಗ ಕುಂದರ್ರಿ! ಕಬ್ಬಿಣಾ ಗಟ್ಟಿ ಹಿಡೀರಿ! ಕ್ಯಾಮೆರಾ ನಾ ಹಿಡದೇನಿ, ನೀವು ನಿಮ್ಮ ಜೀವಾ ಹಿಡೀರಿ!"

ಮಾಮಾ ಕೂತುಬಿಟ್ಟರು. ದೋಣಿ ಬಿತ್ತು.

ನೀರಿನ ಗೋಡೆ ಎದ್ದದ್ದನ್ನು ನಾನು ಬೀಳುತ್ತಲೇ ನೋಡಿದೆ. ಅವ್ವ ಅದನ್ನು ಕಂಡು ಏಳಲಿಲ್ಲ, ಓಡಲಿಲ್ಲ. ಓಡಿದ್ದರೆ ಜಾರುತ್ತಿದ್ದಳು. ಕೂತಲ್ಲೇ ಹೊಂಡಕ್ಕೆ ಬೆನ್ನು ತಿರುಗಿಸಿ, ಕೌದಿಯ ಗಂಟಿನ ಮೇಲೆ ಬಗ್ಗಿ, ಕಾಲು ಮಡಚಿ ಮುದ್ದೆಯಾದಳು. ನೀರು ಅವಳ ಮೇಲೆ ಬಿದ್ದು ಅವಳನ್ನು ಮುಚ್ಚಿತು.

ದೋಣಿ ನಿಲ್ಲುವ ಮೊದಲೇ ಮಾಮಾ ಹಾರಿ ಓಡಿದರು. ನಾವು ಮುಟ್ಟುವಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು. ತಲೆಯಿಂದ ನೀರು ಇಳಿಯುತ್ತಿತ್ತು, ಕುಂಕುಮ ಮೂಗಿನವರೆಗೆ ಹರಿದಿತ್ತು, ಸೆರಗು ಎಲ್ಲೋ. ಗಂಟನ್ನು ಮಾಮಾನ ಕೈಗೆ ನೇರವಾಗಿ ಇಟ್ಟು, "ನೋಡ್ಕೋರಿ, ಒಳಗ ಹೋಗಿಲ್ಲ. ನಿಮಗೇನೂ ಪೆಟ್ಟಾಗಿಲ್ಲಲ?" ಎಂದಳು. ಆಮೇಲೆ ತಾನು ಏನು ಮಾಡುತ್ತಿದ್ದೇನೆಂದು ಹೊಳೆದಿರಬೇಕು. ಒದ್ದೆ ಸೆರಗನ್ನು ಹುಡುಕಿ, ಹಿಂಡಿ, ತಲೆಗೆಳೆದುಕೊಂಡು ನನ್ನ ಕಡೆ ತಿರುಗಿದಳು.

"ನೋಡ್ಕೋರಿ ಅಂತ ಹೇಳು ಅವರಿಗೆ."

"ಕೇಳೇತಿ ಯವ್ವಾ, ಎಲ್ಲಾರ್ಗೂ ಕೇಳೇತಿ. ಹೈದರಾಬಾದಿಗೇ ಕೇಳೇತಿ," ಎಂದೆ.

ಕೌದಿಯ ಮೇಲಿನ ಪದರು ತೊಯ್ದಿತ್ತು, ಒಳಗಿನದು ಬೆಚ್ಚಗಿತ್ತು. ಆದರೂ ತೇವ ಒಳಹೊಕ್ಕಿತ್ತು. ಕಣ್ಣುಗೂಡಿನಲ್ಲಿ ನೀರಹನಿಯ ಗುರುತೊಂದು ಮಿಣಮಿಣ ಎನ್ನುತ್ತಿತ್ತು. ಒಳಗೆ ತೇವವಿದ್ದಾಗ ಆ ಯಂತ್ರ ತಾನಾಗಿ ಬಾಯಿ ಮುಚ್ಚಿಕೊಂಡುಬಿಡುತ್ತದಂತೆ. ಓಡಲೊಲ್ಲದು, ಕ್ಯಾಸೆಟ್ಟು ಉಗುಳಲೊಲ್ಲದು. ಮಾಮಾ ಬಯ್ಯಲಿಲ್ಲ. ಅದೇ ಕಷ್ಟ. ಬಯ್ದಿದ್ದರೆ ಅವ್ವ ನನ್ನ ಮೂಲಕ ಏನಾದರೂ ಉತ್ತರ ಕೊಡುತ್ತಿದ್ದಳು. ತಿರುಗಿ ಬರುವ ದಾರಿಯುದ್ದಕ್ಕೂ ಆಕೆ ಒದ್ದೆ ಸೀರೆಯಲ್ಲೇ ಕೂತಿದ್ದಳು. ಬದಲಿಸೆಂದರೆ, "ಅದು ಆರಲಿ ಮೊದಲು," ಎಂದಳು.

ಇಂಡಿಗೆ ಮುಟ್ಟಿದಾಗ ಬೆಳಗಾಗಿತ್ತು. ಮುದ್ದೇಬಿಹಾಳದ ಮದುವೆಗೆ ನಡುವೆ ಒಂದೇ ದಿನ. ವಿಜಯಪುರಕ್ಕೆ ಒಯ್ದರೆ ರಿಪೇರಿಯವರು ವಾರ ಇಟ್ಟುಕೊಳ್ಳುತ್ತಾರೆಂದು ಮಾಮಾ ತಲೆ ಹಿಡಿದು ಕೂತರು.

"ಜ್ವಾಳದ ಚೀಲದಾಗ ಹುಗೀರಿ ಅಂತ ಹೇಳು. ತೇವ ಎಳೀತೈತಿ," ಎಂದಳು ಅವ್ವ.

"ಜ್ವಾಳದ ಧೂಳು ಒಳಗ ಹೋದ್ರ ಆಮ್ಯಾಲ ಜ್ವಾಳಾನ ಬಿತ್ತಬೇಕಾಗ್ತೈತಿ, ಹೇಳು ನಿಮ್ಮವ್ವಗ."

"ಹಂಗಾದ್ರ ಕಾವು ಕೊಡ್ತೇನಿ ಅಂತ ಹೇಳು."

ಬಾಣಂತಿಯರ ಹೊರಸಿನ ಕೆಳಗೆ ಇಡುವ ಅಗ್ಗಿಷ್ಟಿಗೆ ನಮ್ಮ ಮನೆಯಲ್ಲಿತ್ತು. ಅವ್ವ ಅದರಲ್ಲಿ ಸಗಣಿ ಕುಳ್ಳಿನ ಕೆಂಡ ತುಂಬಿ, ಹೊಗೆಯೆಲ್ಲ ಹೋಗುವವರೆಗೆ ಅಂಗಳದಲ್ಲಿಟ್ಟು, ಮೇಲೆ ಬೂದಿ ಮುಚ್ಚಿ ಹದ ಮಾಡಿದಳು. ಹೊರಸಿನ ಮೇಲೆ ಒಣ ಕೌದಿ ಹಾಸಿ ಕ್ಯಾಮೆರಾ ಮಲಗಿಸಿದಳು. ಮುಂಗೈ ಅಡ್ಡ ಹಿಡಿದು ಕಾವು ನೋಡುವುದು, ಕೆಂಡ ದೂರ ಸರಿಸುವುದು, ಮಗ್ಗಲು ಬದಲಿಸುವುದು. ಹೊರಸಿನ ಆ ಬದಿಗೆ ಮಾಮಾ, ಈ ಬದಿಗೆ ಸೆರಗು ಹೊದ್ದ ಅವ್ವ, ನಡುವೆ ನಾನು. "ಹೆಚ್ಚಾತು ಅಂತ ಹೇಳು." "ಹೆಚ್ಚೇನಾಗಿಲ್ಲ ಅಂತ ಹೇಳು." ಅಪ್ಪ ಎಮ್ಮೆ ಹಿಂಡಿ ಬಂದು ಇಣುಕಿ ನೋಡಿ, "ಗಂಡೋ ಹೆಣ್ಣೋ?" ಎಂದು ಕೇಳಿ ಬಯ್ಗುಳ ತಿಂದ. ಸಂಜೆಯ ಹೊತ್ತಿಗೆ ಆ ಹನಿಯ ಗುರುತು ಆರಿತು. ಮಾಮಾ ಗುಂಡಿ ಒತ್ತಿದರೆ ಒಳಗೆ ಗುರ್ ಎಂದು ಗಾಲಿ ತಿರುಗಿತು. ಅವ್ವ ದೇವರ ಜಗುಲಿಗೆ ಕೈ ಮುಗಿದು ಆಗ ಸೀರೆ ಬದಲಿಸಿದಳು.

"ಕ್ಯಾಸೆಟ್ ಹೊರಗ ತಗೀರಿ ಇನ್ನ," ಎಂದಳು ಅಕ್ಕ.

"ಈಗ ಇದರ ಬಾಯಿ ತಗಿಯೂದು ಬ್ಯಾಡ. ಸಿಕ್ಕೊಂಡ್ರ ಗತಿಯಿಲ್ಲ. ಇದರಾಗ ಇನ್ನೂ ಭಾಳ ಜಾಗಾ ಐತಿ, ಇದರಾಗ ಮದುವಿ ತಗೀತೇನಿ. ಆಮ್ಯಾಲ ಕತ್ತರಿಸಿದ್ರಾತು," ಎಂದರು ಮಾಮಾ.

ಮುದ್ದೇಬಿಹಾಳದ ಮದುವೆ ಚೆನ್ನಾಗಿಯೇ ಆಯಿತಂತೆ. ಕತ್ತರಿಸುವುದೊಂದು ಉಳಿದಿತ್ತು. ಅಷ್ಟರಲ್ಲಿ ಮಾಮಾ ಎಲ್ಲೋ ಹೋದಾಗ ಮದುಮಗಳ ಸೋದರಮಾವ ಸ್ಟುಡಿಯೋಕ್ಕೆ ಬಂದು, "ಹೂ ಹಾರಸೂದು, ಹೆಸರು ಬರಿಯೂದು ಆಮ್ಯಾಲ ಮಾಡ್ರಿ. ಅಳಿಯ ಮನಿಗೆ ಬಂದಾನ, ಒಮ್ಮೆ ಹಂಗ ನೋಡಿ ಕೊಡ್ತೇವಿ," ಎಂದದ್ದಕ್ಕೆ ಫೋಟೋಗ್ರಾಫರನ ಹೆಂಡತಿ ಕ್ಯಾಸೆಟ್ಟು ಎತ್ತಿ ಕೊಟ್ಟಿದ್ದಳು.

ಮಾಮಾ ಬೈಕಿನ ಮೇಲೆ ಇಂಗಳೇಶ್ವರಕ್ಕೆ ಬಂದು ನನ್ನನ್ನು ಸಾಲಿಯಿಂದ ಎಬ್ಬಿಸಿದರು. "ನಡೀರಿ ಅಕ್ಕೋರ, ಬಾಗೇವಾಡಿಗೆ. ಮದುಮಗಳ ಮನಿ ಅಲ್ಲೆ ಐತಿ. ಅವರು ಟಿವಿ ಹಚ್ಚೂದರಾಗ ಕ್ಯಾಸೆಟ್ ಇಸ್ಕೋಬೇಕು. ಹೆಣಮಕ್ಕಳ ಮುಂದ ನೀನ ಮಾತಾಡು."

ಮತ್ತೆ ನಾನೇ.

ಬಸವನ ಬಾಗೇವಾಡಿಯ ಆ ಮನೆಗೆ ಹೋಗುವಷ್ಟರಲ್ಲಿ ಪಡಸಾಲೆ ತುಂಬಿತ್ತು. ಹೊಸ ಅಳಿಯ ಕುರ್ಚಿಯ ಮೇಲೆ, ಅವನ ಅತ್ತೆ ಸೆರಗು ಹೊದ್ದು ಒಳಬಾಗಿಲ ಹಿಂದೆ. ಟಿವಿ ಆಗಲೇ ಓಡುತ್ತಿತ್ತು. ಪರದೆಯ ತುಂಬ ಮಾಮಾನ ಚಪ್ಪಲಿ, ಅದರಾಚೆ ಬಹಳ ಕೆಳಗೆ ಯಾರೋ ಸೆರಗು ಚಾಚಿ ನಿಂತ ಚುಕ್ಕೆ. ಆಗ ಗೊತ್ತಾಯಿತು ನನಗೆ. ತೊಟ್ಟಿಲಿನಿಂದ ಇಳಿದ ಮಾಮಾ ಗುಂಡಿ ಬಂದ್ ಮಾಡಿರಲಿಲ್ಲ. ಅಕ್ಕ ಓಡಿಸುತ್ತೇನೆಂದು ಒತ್ತಿದಾಗಲೆಲ್ಲ ಅದು ನಿಂತಿತ್ತು, ನಿಲ್ಲಿಸುತ್ತೇನೆಂದು ಒತ್ತಿದಾಗಲೆಲ್ಲ ಓಡಿತ್ತು. ಹಡಗಿಲ್ಲ, ರೈಲಿಲ್ಲ. ನೆಲ, ನನ್ನ ಕಾಲು, ಯಾರದೋ ಐಸ್ಕ್ರೀಮು, "ಅಕ್ಕೋರ, ಸ್ವಲ್ಪ ಹಿಡೀರಿ."

"ಇದ್ಯಾವ ಮದುವಿರೀ?" ಎಂದರು ಸೋದರಮಾವ. ಮಾಮಾ ಬೆವರುತ್ತ ಮುಂದೆ ಓಡಿಸುತ್ತೇನೆಂದು ವಿಸಿಆರಿನತ್ತ ಹೋದರು.

ಅಷ್ಟರಲ್ಲಿ ಪರದೆ ಕತ್ತಲಾಯಿತು. ಕೌದಿಯ ಕೆಂಪು ಚೌಕ ಬಿಸಿಲಿಗೆ ಮಂದವಾಗಿ ಕಾಣಿಸಿತು. ಆಮೇಲೆ ಅವ್ವನ ದನಿ, ಬಹಳ ಹತ್ತಿರದಿಂದ, ಕೂಸಿನ ಜೊತೆ ಆಡುವಂತೆ:

"ಏನ ಭಾರ ಅದೀಯೋ ಮಾರಾಯಾ. ಇಷ್ಟರಾಗ ನನ್ನ ತೊಡಿ ಜೋಮು ಹಿಡೀತು. ನನ್ನ ಅಳಿಯ ಪಾಪ, ಮುಂಜಾನಿಂದ ಸಂಜೀತನಾ ನಿನ್ನ ಹೆಗಲ ಮ್ಯಾಲ ಹೊತ್ತು ನಿಂತಿರ್ತಾನ. ಮಂದಿ ಉಣ್ಣೂದು ತಗೀತಾನ, ತಾ ಯಾವಾಗ ಉಣ್ತಾನೋ ಏನೋ. ಕೇಳಬೇಕಂದ್ರ ನನಗ ಬಾಯಿ ಬರಂಗಿಲ್ಲ."

ಮಾಮಾನ ಕೈ ಗುಂಡಿಯ ಮೇಲೇ ನಿಂತಿತು. ಒಳಬಾಗಿಲ ಹಿಂದಿನಿಂದ ಮದುಮಗಳ ತಾಯಿ, "ಓಡಸಬ್ಯಾಡ್ರಿ ಅಂತ ಹೇಳ್ರಿ ಅವರಿಗೆ. ಇರ್ಲಿ," ಎಂದಳು. ಬಳಿಕ "ಅಳ್ಯಾಂದ್ರs!" ಎಂಬ ಕೂಗು, ನೀರು ಬಡಿದ ಸದ್ದು, ಒಂದು ಕ್ಷಣ ಏನೂ ಇಲ್ಲ, ಅದರ ಬೆನ್ನಿಗೇ ಸನಾದಿ, ಮುದ್ದೇಬಿಹಾಳದ ಹಂದರ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಾಮಾ ಮಾತ್ರ ಟಿವಿಯ ಹಿಂದಿನ ವೈರು ಸರಿಪಡಿಸುವವರಂತೆ ಬಗ್ಗಿ ಬಹಳ ಹೊತ್ತು ಅಲ್ಲೇ ಇದ್ದರು.

ಆ ಮನೆಯವರು ಅಷ್ಟನ್ನು ಕತ್ತರಿಸಲು ಒಪ್ಪಲೇ ಇಲ್ಲ. ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸಿದರು. ನಾನು ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ನಿಂತರೆ ಗುರುತಿಲ್ಲದ ಹೆಂಗಸರು, "ನಿಮ್ಮವ್ವ ಆರಾಮದಾಳೇನ್ರಿ?" ಎಂದು ಕೇಳುವಂತಾಯಿತು. ಅಕ್ಕನಿಗೊಂದೇ ದುಃಖ: "ಇಡೀ ದಿನಾ ಒದ್ದಾಡಿ ಅವ್ವನ ಮಾರಿ ಒಂದೂ ಬರಲಿಲ್ಲ."

ಮುಂದಿನ ಅಮಾವಾಸ್ಯೆಗೆ ಮಾಮಾ ಇಂಡಿಗೆ ಬಂದರು, ನಾನೂ ಬಂದಿದ್ದೆ. ಅವ್ವ ಸೆರಗೆಳೆದು ಕದದ ಹಿಂದೆ ಸರಿದಳು. ನಾನು ನಡುವೆ ಕೂತೆ, ರೊಟ್ಟಿ ಮುರಿದುಕೊಂಡು. ಕ್ಯಾಸೆಟ್ಟಿನ ಸುದ್ದಿ ಆಕೆಗೆ ಮುಟ್ಟಿತ್ತು, ಯಾರೂ ಎತ್ತಲಿಲ್ಲ. ಮಾಮಾ ಎರಡು ರೊಟ್ಟಿ ಮುಗಿಸಿದರು. ಆಮೇಲೆ ತಾಟು ನೋಡುತ್ತಲೇ ಹೇಳಿದರು:

"ನಿಮ್ಮವ್ವಗ ಹೇಳು, ಅದೇನು ಅಷ್ಟು ಭಾರ ಅನಸಂಗಿಲ್ಲ. ರೂಢಿ ಆಗೇತಿ ಅಂತ. ಮತ್ತ ಮದುವಿ ಮನ್ಯಾಗ ಕಡೀ ಪಂಗ್ತಿಗೆ ಉಣ್ತೇನಿ ಅಂತ ಹೇಳು."

ಕದದ ಹಿಂದೆ ಬಳೆಯ ಸದ್ದು ನಿಂತಿತು.

"ರೂಢಿ ಆದ್ರ ಹೆಗಲು ನೋಯಂಗಿಲ್ಲೇನು ಅಂತ ಕೇಳು. ಎಣ್ಣಿ ಕಾಸಿ ಇಟ್ಟೇನಿ, ಹಚ್ಚಿಕೊಂಡು ಹೋಗ್ರಿ ಅಂತ ಹೇಳು."

ಇಬ್ಬರೂ ನನ್ನತ್ತ ನೋಡುತ್ತ ಕಾದರು. ನನ್ನ ರೊಟ್ಟಿ ಆರುತ್ತಿತ್ತು. ಹೇಳಿದೆ.